ಬೆಂಕಿ ಬಡಿಸುತ್ತಿದ್ದ ವಾಚರಣ್ಣ

ಅವರಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಯಾವುದೋ ಬೇಸಿಗೆಯಲ್ಲಿ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಕಾರ್ಕಳದ ಕಡೆ, ಘಟ್ಟದ ಬುಡದ ಕಾಡಿಗೆ ನಾನು ಫಾರೆಸ್ಟ್ ಗಾರ್ಡ್ ಆಗಿ ಬಂದ ಮೊದಲ ದಿನ ಪೊದೆ ಸವರುವ ಕತ್ತಿ ಹಿಡಿದು ನಿಂತಿದ್ದ ಆ ಮುಖ ನೋಡಿ ನನಗೆ ನಗು ಬಂದಿತ್ತು. ವಾರ ಕಳೆಯುವುದರೊಳಗೆ ನಗು ಹೋಗಿ ಹೊಟ್ಟೆಕಿಚ್ಚು ಬಂತು.

ಅವರು ದಿನಗೂಲಿಯ ಬೆಂಕಿ ಕಾವಲುಗಾರ, ಫೈರ್ ವಾಚರ್. ಎಲ್ಲರ ಬಾಯಲ್ಲಿ ವಾಚರಣ್ಣ. ನಾನು ಪರೀಕ್ಷೆ ಬರೆದು, ಓಟ ಓಡಿ, ತರಬೇತಿ ಮುಗಿಸಿ ಖಾಕಿ ತೊಟ್ಟವಳು. ಕಾಪುವಿನ ಮೀನುಗಾರರ ಮಗಳು, ಮನೆತನದಲ್ಲೇ ಮೊದಲ ಸರಕಾರಿ ನೌಕರಿ. ಆದರೆ ಗುಡ್ಡೆಯಲ್ಲಿ ಹೊಗೆ ಕಂಡರೆ ಊರಿನವರು ಫೋನ್ ಮಾಡುತ್ತಿದ್ದದ್ದು ಅವರಿಗೆ. ರೇಂಜರ್ ಸಾಹೇಬರು ಕೂಡ ನನ್ನನ್ನು ದಾಟಿ ಅವರನ್ನೇ ಕೇಳುತ್ತಿದ್ದರು: “ನಾಳೆ ಕೊಡಬಹುದಾ?”

ಕೊಡುವುದು ಅಂದರೆ ಬೆಂಕಿ ಕೊಡುವುದು. ಬಿಸಿಲು ಬಲಿಯುವ ಮೊದಲೇ, ಜನವರಿಯಲ್ಲಿ, ಕಾಡಿನ ಅಂಚಿನುದ್ದಕ್ಕೂ ಒಂದು ಪಟ್ಟಿಯಷ್ಟು ಜಾಗದ ಒಣಹುಲ್ಲು, ತರಗೆಲೆಗಳನ್ನು ನಾವೇ ಸುಟ್ಟು ಬರಿದು ಮಾಡುತ್ತೇವೆ. ಅದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಮುಂದೆ ಕಾಡ್ಗಿಚ್ಚು ಬಂದರೂ ಅಲ್ಲಿಗೆ ಬಂದು, ತಿನ್ನಲು ಏನೂ ಸಿಗದೆ ಸಾಯಬೇಕು.

ವಾಚರಣ್ಣ ಮೊದಲು ಕೋಲಿನಿಂದ ಪೊದೆ ಬಡಿಯುತ್ತ, “ಹೋಯ್, ಹೋಯ್” ಎಂದು ಕೂಗುತ್ತ ಆ ಪಟ್ಟಿಯುದ್ದಕ್ಕೂ ನಡೆಯುವರು. ಮೊಲ, ಹಾವು, ನವಿಲು ಏಳಬೇಕಲ್ಲ. “ಒಕ್ಕಲಿದ್ದವರಿಗೆ ನೋಟಿಸ್ ಕೊಡದೆ ಮನೆ ಸುಡುವುದಾ ಮೇಡಂ?” ಆಮೇಲೆ ಒಣಹುಲ್ಲನ್ನು ಅಂಗೈಯಲ್ಲಿ ತಿಕ್ಕಿ, ಪುಡಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಅದು ಎತ್ತ ಹಾರುತ್ತದೆಂದು ನೋಡುವರು. ಬಳಿಕ ಸ್ವಲ್ಪ ಸ್ವಲ್ಪವೇ ಹಚ್ಚುವರು. “ಬೆಂಕಿ ಸುರಿಯುವುದಲ್ಲ, ಬಡಿಸುವುದು. ಎಲೆಗೆ ಎಷ್ಟು ಬೇಕೋ ಅಷ್ಟೇ.” ಅವರ ಹಿಂದೆ ಬೆಂಕಿ ತಲೆ ತಗ್ಗಿಸಿ ಹಸುವಿನ ಹಾಗೆ ಮೇಯುತ್ತ ಬರುತ್ತಿತ್ತು. ನಾನು ಹಚ್ಚಿದ್ದು ಒಂದೋ ಹೊಗೆಯಾಡಿ ಸಾಯುತ್ತಿತ್ತು, ಇಲ್ಲವೇ ಆಳೆತ್ತರ ಏಳುತ್ತಿತ್ತು.

ಎರಡನೆಯ ವರ್ಷ ಅಪ್ಪ ನನ್ನನ್ನು ನೋಡಲು ಬಂದರು, ಚೀಲದಲ್ಲಿ ಬಂಗುಡೆ ಮೀನು ಹಿಡಿದುಕೊಂಡು. ಆಯುಷ್ಯವೆಲ್ಲ ದೋಣಿಯಲ್ಲಿ ಕಳೆದವರು, ಮಾತು ಕಡಿಮೆ. ಚಿಕ್ಕಂದಿನಲ್ಲಿ ನನ್ನನ್ನೂ ಕಡಲಿಗೆ ಕರೆದುಕೊಂಡು ಹೋಗಿ ಎಂದು ಅತ್ತರೆ, “ಹೆಣ್ಣುಮಕ್ಕಳಿಗೆ ಎಂತಕ್ಕೆ ಅದು?” ಎಂದು ಮುಗಿಸಿಬಿಡುತ್ತಿದ್ದರು. ಅಂಥವರು ಅಂದು ಜಗಲಿಯಲ್ಲಿ ವಾಚರಣ್ಣನ ಜೊತೆ ಕೂತು ಎರಡು ಗಂಟೆ ಗಾಳಿಯ ಬಗ್ಗೆ ಮಾತಾಡಿದರು. ಕಡಲಿನಿಂದ ಪಡುಗಾಳಿ ಏಳುವ ಮೊದಲು ನೀರು ಹೇಗೆ ಮಂಕಾಗುತ್ತದೆ ಎಂದು ಅಪ್ಪ. ಅದೇ ಗಾಳಿ ಮಧ್ಯಾಹ್ನ ಘಟ್ಟದ ಬುಡ ಮುಟ್ಟುವ ಮೊದಲು ಎಲೆಗಳು ಹೇಗೆ ಅಲುಗದೆ ನಿಲ್ಲುತ್ತವೆ ಎಂದು ವಾಚರಣ್ಣ. ನಾನು ಚಹಾ ತಂದಿಟ್ಟೆ. ಇಬ್ಬರೂ ತಲೆ ಎತ್ತಲಿಲ್ಲ. ನನಗೆ ಜನ್ಮವಿಡೀ ಹೇಳದ್ದನ್ನೆಲ್ಲ ಅಪ್ಪ ಗುರುತಿಲ್ಲದ ಒಬ್ಬರಿಗೆ ಒಂದೇ ಮಧ್ಯಾಹ್ನದಲ್ಲಿ ಕೊಟ್ಟುಬಿಟ್ಟರಲ್ಲ! ಆ ರಾತ್ರಿ ಬಂಗುಡೆ ಸಾರನ್ನು ನಾನು ಮುಟ್ಟಲಿಲ್ಲ.

ಮರುದಿನ ರೇಖೆಯ ಕೊನೆಯ ತುಂಡು ಬಾಕಿ ಇತ್ತು. “ಹೊತ್ತು ಏರಿತು, ಇವತ್ತು ಬೇಡ ಮೇಡಂ. ನಾಳೆ ಬೆಳಿಗ್ಗೆ ಮಂಜು ಇರುವಾಗ ಮಾಡುವ,” ಎಂದು ವಾಚರಣ್ಣ ಊಟಕ್ಕೆ ಮನೆಗೆ ಹೋದರು. ಅವರ ಬೆನ್ನು ಮರೆಯಾದದ್ದೇ ತಡ, ನಾನು ಹಚ್ಚಿದೆ. ಜೊತೆಗಿದ್ದ ಇಬ್ಬರು ಕೂಲಿಯವರು ಮುಖ ಮುಖ ನೋಡಿಕೊಂಡರು. “ಹೇಳುತ್ತಿರುವುದು ನಾನು,” ಎಂದೆ.

ಅರ್ಧ ಗಂಟೆ ಎಲ್ಲವೂ ಸರಿಯಿತ್ತು. ಆಮೇಲೆ ಎಲೆಗಳು ಅಲುಗದೆ ನಿಂತವು. ಅದರ ಅರ್ಥ ಹೊಳೆಯುವಷ್ಟರಲ್ಲಿ ಗಾಳಿ ಬೀಸಿ, ಕಿಡಿ ಪಟ್ಟಿಯನ್ನು ದಾಟಿತು. ಆಚೆ ಒಬ್ಬ ಹೆಂಗಸಿನ ಗೇರು ತೋಟ, ಅದರಾಚೆ ಅವರ ಮನೆ. ನಾವು ಹಸಿ ಸೊಪ್ಪಿನಿಂದ ಬಡಿದಷ್ಟೂ ಅದು ಮುಂದೆ ಓಡುತ್ತಿತ್ತು. ವಾಚರಣ್ಣ ಅನ್ನದ ಕೈಯಲ್ಲೇ ಓಡಿ ಬಂದರು. “ಹಿಂದೆ ಬನ್ನಿ ಎಲ್ಲರೂ!” ಎಂದು ಗದರಿ, ಸುತ್ತು ಬಳಸಿ ಮನೆಯ ಬಳಿ ಹೋಗಿ, ಆ ಬದಿಯಿಂದ ಎದುರು ಬೆಂಕಿ ಕೊಟ್ಟರು. ಎರಡು ಬೆಂಕಿಗಳು ತೋಟದ ನಡುವೆ ಸಂಧಿಸಿ, ಉರಿಯಲು ಏನೂ ಉಳಿಯದೆ ಕುಸಿದವು. ಮನೆ ಉಳಿಯಿತು. ಹೂ ಬಿಟ್ಟಿದ್ದ ಗೇರು ಮರಗಳು ಉಳಿಯಲಿಲ್ಲ. ಆ ಹೆಂಗಸು ಬೈಯಲಿಲ್ಲ. ಕರಿ ಕಾಂಡಗಳನ್ನು ಒಂದೊಂದಾಗಿ ಮುಟ್ಟುತ್ತ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ರೇಂಜರ್ ಸಾಹೇಬರು ಬಂದಾಗ ವಾಚರಣ್ಣ ನನ್ನನ್ನು ಉಳಿಸಿಯಾರು ಎಂದುಕೊಂಡಿದ್ದೆ. ಅವರು ಉಳಿಸಲಿಲ್ಲ.

“ಮೇಡಂ ಕೊಟ್ಟದ್ದು ಸಾರ್. ನಾನು ಬೇಡ ಹೇಳಿದ್ದೆ. ಗಾಳಿ ತಿರುಗುವುದು ಅವರಿಗೆ ತಿಳಿಯಲಿಲ್ಲ.” ಸ್ವಲ್ಪ ತಡೆದು, “ಬರುವ ವರ್ಷ ತಿಳೀತದೆ. ಅದು ನನಗೆ ಬಿಡಿ,” ಎಂದರು.

ನನಗೆ ನೋಟಿಸ್ ಬಂತು. ಒಂದು ತಿಂಗಳು ನಾನು ಅವರೊಡನೆ ಮಾತಾಡಲಿಲ್ಲ. ಅವರು ಮಾತ್ರ ದಿನಾ ಬೆಳಿಗ್ಗೆ ಬಂದು, ನನ್ನ ಅಂಗೈಗೆ ಒಣಹುಲ್ಲು ಹಾಕಿ, “ತಿಕ್ಕಿ ಬಿಡಿ. ಎತ್ತ ಹೋಯಿತು ಹೇಳಿ,” ಎನ್ನುತ್ತಿದ್ದರು. ಹಾಗೆ ನಾಲ್ಕು ವರ್ಷ ಕಲಿಸಿದರು. ಬೆಂಕಿ ನನ್ನ ಮಾತು ಕೇಳತೊಡಗಿತು.

ಕಡೆಗೆ ಅವರ ಶ್ವಾಸಕೋಶ ಕೈಕೊಟ್ಟಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ತಡೆಯಲಾರದೆ ಹೇಳಿದೆ: “ಅಣ್ಣಾ, ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಅದಕ್ಕೇ ಆ ದಿನ ಹಚ್ಚಿದ್ದು.”

“ಗೊತ್ತುಂಟು,” ಎಂದು ಕೆಮ್ಮಿನ ನಡುವೆ ನಕ್ಕರು. “ನನಗೂ ಇತ್ತು ಮೇಡಂ. ಇಪ್ಪತ್ತೈದು ವರ್ಷ ಗುಡ್ಡೆ ಕಾದದ್ದು ನಾನು. ಕಾಕಿ ಹಾಕಿ ಜೀಪಿನಿಂದ ಇಳಿದದ್ದು ನೀವು. ನೀವು ಬಂದ ದಿನ ನಾನು ಮನೆಗೆ ಹೋಗಿ ಊಟ ಮಾಡ್ಲಿಲ್ಲ.”

ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. “ಮತ್ತೆ ಯಾಕೆ ಕಲಿಸಿದ್ರಿ?” ಎಂದೆ.

“ಎಂತ ಮಾಡುವುದು? ನಾನಿಲ್ಲದ ವರ್ಷವೂ ಎಲೆ ಉದುರ್ತದಲ್ಲಾ ಮಾರಾಯ್ರೆ.”

ಆ ವರ್ಷ ಆಷಾಢದ ಹೊತ್ತಿನ ಆಟಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು.

ಈಗ ಅವರ ಕೆಲಸಕ್ಕೆ ಒಬ್ಬ ಹೆಂಗಸು ಬಂದಿದ್ದಾರೆ, ಮೂರು ಮಕ್ಕಳ ತಾಯಿ. ಹೊಗೆಯ ಬಣ್ಣ ನೋಡಿಯೇ ಒಳಗೆ ಏನು ಉರಿಯುತ್ತಿದೆ ಎಂದು ಹೇಳಿಬಿಡುತ್ತಾರೆ. ನನಗದು ಇವತ್ತಿಗೂ ಬಾರದು. ಮೊನ್ನೆ ಅವರು ಹಾಗೆ ಹೇಳಿ, ಅದು ನಿಜವೂ ಆದಾಗ, ಆ ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿತು. ಮರುದಿನ ಬೆಳಕು ಹರಿಯುವಾಗಲೇ ಅವರನ್ನು ಕರೆದುಕೊಂಡು ಗುಡ್ಡೆಗೆ ಹೋದೆ. ವಾಚರಣ್ಣ ನನಗೆ ಕಲಿಸಿದ್ದರಲ್ಲಿ ಇನ್ನೂ ಹೇಳದೆ ಬಚ್ಚಿಟ್ಟುಕೊಂಡಿದ್ದುದನ್ನೆಲ್ಲ ಅಂದು ಅವರಿಗೆ ಹೇಳಿಕೊಟ್ಟೆ.