ಚಿನ್ನದ ಬಿಲದಲ್ಲಿ ಅತ್ತರಿನ ಸಾಹುಕಾರರು

ಸೌದಿಯ ಬುರೈದಾದಲ್ಲಿ ಖರ್ಜೂರದ ಶೀತಲಗೃಹವೊಂದರಲ್ಲಿ ನಾನು ಮೆಕ್ಯಾನಿಕ್. ನನ್ನ ಕೋಣೆಯಲ್ಲಿದ್ದವನು ಉಳ್ಳಾಲದವನು, ಕಟ್ಟಡ ಕಂಪನಿಯೊಂದರ ಸೇಫ್ಟಿ ಆಫೀಸರ್. ಅನ್ನಕ್ಕಿಟ್ಟ ಕುಕ್ಕರಿನಿಂದಲೂ ಎರಡು ಮೀಟರ್ ದೂರ ನಿಲ್ಲಿ ಎನ್ನುವ ಜಾತಿ. ನಮ್ಮ ಕಟ್ಟಡದ ಕೆಳಗೆ ಅತ್ತರಿನ ಅಂಗಡಿ ಇಟ್ಟಿದ್ದ ಭಟ್ಕಳದ ಸಾಹುಕಾರರು ವಯಸ್ಸಿನಲ್ಲೂ ಸುತ್ತಳತೆಯಲ್ಲೂ ನಮಗಿಂತ ಹಿರಿಯರು. ಮರುಭೂಮಿಯ ಗುಡ್ಡವೊಂದರಲ್ಲಿ ಯಾವುದೋ ಕಾಲದವರು ತೋಡಿ ಬಿಟ್ಟುಹೋದ ಚಿನ್ನದ ಗಣಿ ಇದೆಯೆಂದು ಅವರಿಗೆ ಯಾರೋ ಗಿರಾಕಿ ಹೇಳಿದ್ದ. ಚಳಿಗಾಲದ ಒಂದು ರಜೆಯ ಬೆಳಿಗ್ಗೆ ಅವರ ಕಾರಿನಲ್ಲೇ ಮೂವರೂ ಹೊರಟೆವು.

ಗಣಿಯ ಬಾಯಲ್ಲಿ ತುಕ್ಕು ಹಿಡಿದ ಫಲಕವೊಂದಿತ್ತು. ಅರಬ್ಬಿ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿದ್ದವು. ತಲೆಬುರುಡೆಯ ಚಿತ್ರ ಮಾತ್ರ ಚೆನ್ನಾಗಿ ಉಳಿದಿತ್ತು.

"ತಲೆಬುರುಡೆ ಹಾಕಿದ್ದಾರೆ ಅಂದರೆ ಒಳಗೆ ಎಂತದೋ ಉಂಟು ಅಂತಲೇ ಅರ್ಥ," ಎಂದರು ಸಾಹುಕಾರರು.

ಆಫೀಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ವಿಷಗಾಳಿ, ಸಡಿಲ ಕಲ್ಲು, ಕತ್ತಲ ಹೊಂಡಗಳ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದ. ಹೆಲ್ಮೆಟ್ ತೊಡಿಸಿದ. ಆಮೇಲೆ ಒಂದೊಂದು ಫಾರಂ ಕೊಟ್ಟ. ಅಪಾಯವಾದರೆ ಯಾರಿಗೆ ತಿಳಿಸಬೇಕು ಎಂಬ ಕಡೆ ಹೆಂಡತಿಯರ ಹೆಸರು ಬರೆದರೆ ಅವರು ಗಾಬರಿಯಾಗುತ್ತಾರೆಂದು ನಾವು ಒಬ್ಬರು ಇನ್ನೊಬ್ಬರ ನಂಬರ್ ಬರೆದೆವು. ನಿಯಮದ ಪ್ರಕಾರ ಒಬ್ಬರು ಹೊರಗಿರಬೇಕು. ಸಾಹುಕಾರರನ್ನು ಬಿಟ್ಟು ನಾವಿಬ್ಬರು ತೆವಳುತ್ತ ಒಳಹೊಕ್ಕೆವು.

ಇಕ್ಕಟ್ಟು ಕಳೆದ ಮೇಲೆ ಕೂರುವಷ್ಟು ಜಾಗ ಸಿಕ್ಕಿತು. ಎದುರಿಗೆ ಟಾರ್ಚಿನ ಬೆಳಕು ಎಲ್ಲಿಗೂ ತಾಗಲಿಲ್ಲ. ನಾನೊಂದು ಕಲ್ಲು ಎಸೆದೆ. ಸದ್ದು ಬರಲಿಲ್ಲ. ಕಲ್ಲು ಕಳೆದುಹೋಯಿತೋ ಎಂದುಕೊಳ್ಳುವಾಗ ಬಹಳ ಕೆಳಗೆ, ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಹೊಂಡ ನಮ್ಮಿಂದ ಎರಡೇ ಮಾರು.

"ಹಿಂದೆ ತಿರುಗು ಮಾರಾಯ," ಎಂದು ಆಫೀಸರ್ ಪಿಸುಗುಟ್ಟಿದ.

ತಿರುಗಿದರೆ ಬೆಳಕೇ ಇರಲಿಲ್ಲ. ಇಕ್ಕಟ್ಟಿನ ತೂತಿನಲ್ಲಿ ಹೆಲ್ಮೆಟ್ ಹಾಕಿದ ಒಂದು ದುಂಡು ಮುಖ ಮಾತ್ರ ಕಂಡಿತು.

"ನೀವ್ಯಾಕೆ ಬಂದಿರಿ?" ಎಂದೆ ನಾನು.

"ಹೊರಗೆ ಒಬ್ಬನಿಗೇ ಹೆದರಿಕೆ ಆಯ್ತು," ಎಂದರು ಸಾಹುಕಾರರು. "ಈಗ ಮುಂದೆಯೂ ಆಗುವುದಿಲ್ಲ, ಹಿಂದೆಯೂ ಆಗುವುದಿಲ್ಲ."

ನಾವಿಬ್ಬರೂ ಅವರ ಭುಜ ಹಿಡಿದು ಹಿಂದಕ್ಕೆ ನೂಕಿದೆವು. ಎಲ್ಲೋ ಟಕ್ ಎಂದಿತು. ಕ್ಷಣದಲ್ಲೇ ಗಂಟಲು ಕಟ್ಟುವಷ್ಟು ದಟ್ಟವಾದ ವಾಸನೆ ತುಂಬಿಕೊಂಡಿತು.

"ಗ್ಯಾಸ್! ಗ್ಯಾಸ್!" ಆಫೀಸರ್ ಮೂಗು ಹಿಡಿದು ಗೋಡೆಗೆ ಒರಗಿ, ಸಾಯುವ ಮುಂಚೆ ಹೇಳುವ ಕಲಿಮಾ ಹೇಳತೊಡಗಿದ. ನಾನೂ ಸತ್ತೆವೆಂದೇ ತಿಳಿದೆ.

"ಗ್ಯಾಸ್ ಅಲ್ಲ ಮಾರಾಯ," ಎಂದರು ಸಾಹುಕಾರರು ಅವಮಾನವಾದವರಂತೆ. "ನನ್ನ ಜೇಬಿನ ಊದ್ ಅತ್ತರಿನ ಬಾಟಲಿ ಒಡೆಯಿತು. ಅಸಲಿ ಮಾಲು."

ಮೂವರೂ ಕೂಗಿದೆವು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಹೊರಗಿನಿಂದ ಅರಬ್ಬಿಯಲ್ಲಿ ಒಂದು ದನಿ ಬಂತು. ಆಡು ಕಾಯುವ ಸುಡಾನಿ. ಅವನು ಹಗ್ಗ ತಂದು ಸಾಹುಕಾರರ ಎರಡೂ ಕಾಲಿಗೆ ಕಟ್ಟಿದ. "ಯಲ್ಲಾ!" ಎಂದು ಎಳೆದ. ಸಾಹುಕಾರರು ತಮ್ಮ ಮನೆಮಾತು ನವಾಯತಿಯಲ್ಲಿ ಏನೇನೋ ಅರಚುತ್ತ ಕೊಂಚಕೊಂಚವೇ ಹಿಂದಕ್ಕೆ ಸರಿದರು. ಒಮ್ಮೆಲೇ ಜಾರಿ ಮಾಯವಾದರು. ಅವರ ಪ್ಯಾಂಟು ಮಾತ್ರ ಕಲ್ಲಿನ ಚೂಪಿಗೆ ಸಿಕ್ಕಿ ಉದ್ದುದ್ದಕ್ಕೆ ಹರಿದು ತೂತಿನಲ್ಲೇ ಉಳಿಯಿತು. ಕಾರಿನ ಕೀಲಿ ಅದರ ಜೇಬಿನಲ್ಲಿತ್ತು. ಅತ್ತರಿನಿಂದ ಒದ್ದೆಯಾದ ಆ ಪ್ಯಾಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನು ತೆವಳಿ ಹೊರಬಂದೆ. ಆಫೀಸರ್ ನನ್ನ ಹಿಂದಿನಿಂದ ಬಂದ. ಅವನ ಮುಖ ಸುಣ್ಣದ ಹಾಗಿತ್ತು.

ಸುಡಾನಿ ನಮ್ಮನ್ನು ತನ್ನ ಡೇರೆಗೆ ಕರೆದೊಯ್ದು ಚಹಾ ಕೊಟ್ಟ. ಸಾಹುಕಾರರು ಆಫೀಸರನ ಹಳದಿ ಸೇಫ್ಟಿ ಜಾಕೆಟನ್ನು ಸೊಂಟಕ್ಕೆ ಸುತ್ತಿ ಗಂಭೀರವಾಗಿ ಕುಳಿತಿದ್ದರು. ಕಳೆದ ವರ್ಷ ತನ್ನ ಒಂದು ಆಡು ಆ ಹೊಂಡಕ್ಕೆ ಬಿತ್ತೆಂದು ಸುಡಾನಿ ಹೇಳಿದ.

"ಎಷ್ಟು ಆಳ ಇದೆ ಅದು?" ಎಂದು ಆಫೀಸರ್ ಕೇಳಿದ.

"ನನಗೇನು ಗೊತ್ತು? ಆಡಿಗೆ ಗೊತ್ತು."

ನನ್ನ ಲೋಟದ ಚಹಾ ತುಳುಕಿ ಮೊಣಕಾಲಿನ ಮೇಲೆ ಬಿತ್ತು, ಬಿಸಿ ತಾಗಲಿಲ್ಲ.

ವಾಪಸು ಬರುವಾಗ ನೂರು ಕಿಲೋಮೀಟರ್ ದಾಟಿ ಮೊದಲ ಪೆಟ್ರೋಲ್ ಬಂಕಿನಲ್ಲಿ ಕಾರು ನಿಂತಾಗ ಸಾಹುಕಾರರು ಕಿಟಕಿ ಇಳಿಸಿ ಜನರನ್ನು ನೋಡಿದರು, ಮತ್ತೆ ಏರಿಸಿ ಸೊಂಟದ ಜಾಕೆಟನ್ನು ಬಿಗಿಮಾಡಿಕೊಂಡರು.

"ನಾನು ಇಳಿಯುವುದಿಲ್ಲ," ಎಂದರು. "ನನಗೊಂದು ಬನ್ನು ತನ್ನಿ."