ಹೇಳಿಕೆ ಇಲ್ಲದ ಮದುವೆ

ನನ್ನ ಗಂಡ ದುಬೈಯಿಂದ ರಜೆಗೆ ಬರುವಾಗ ತಂದ ಕ್ಯಾಮರಾ ಎರಡು ವರ್ಷ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಮಲಗಿತ್ತು. ಅವರು ಅದರಲ್ಲಿ ತೆಗೆದದ್ದು ಒಟ್ಟು ಹನ್ನೊಂದು ಫೋಟೋ. ಹತ್ತರಲ್ಲಿ ನನ್ನ ತಲೆ ಇಲ್ಲ. ಹನ್ನೊಂದನೆಯದು ನಮ್ಮ ಬಾವಿಯದ್ದು. ಅದಕ್ಕೆ ತಲೆ ಇಲ್ಲದ್ದರಿಂದ ಚೆನ್ನಾಗಿ ಬಂದಿದೆ.

ಅವರು ವಾಪಸು ಹೋದ ಮೇಲೆ ನಾನೇ ಮೊಬೈಲಿನಲ್ಲಿ ವೀಡಿಯೊ ನೋಡಿ ಕಲಿತೆ. ಮೊದಲು ಓಣಿಯ ಮಕ್ಕಳು, ಆಮೇಲೆ ಒಬ್ಬ ಅಜ್ಜನ ಎಂಬತ್ತರ ಹುಟ್ಟುಹಬ್ಬ, ಒಂದು ನಾಮಕರಣ. ಕೂತವರು ಅಲುಗಾಡದಿದ್ದರೆ ಸಾಕು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂಬುದೇ ನನ್ನ ವಿದ್ಯೆ. ಆತ ನೋಡಿಕೊಂಡೂ ಇದ್ದ.

ಹೀಗಿರುವಾಗ ಉಡುಪಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ಒಬ್ಬರು ನಾಮಕರಣದ ಫೋಟೋ ನೋಡಿ ಫೋನ್ ಮಾಡಿದರು. ಅವರು ಮದುಮಗಳ ಮೇಕಪ್ ಮಾಡುವವರು. ಅಂಗಡಿಯ ಬೋರ್ಡಿಗೆ ಒಂದು ಒಳ್ಳೆಯ ಮದುಮಗಳ ಫೋಟೋ ಬೇಕು, ಮಾಡೆಲ್ ನೀವೇ ಹುಡುಕಿ, ಚೆನ್ನಾಗಿ ಬಂದರೆ ನನ್ನಲ್ಲಿಗೆ ಬರುವ ಮದುವೆ ಹುಡುಗಿಯರಿಗೆಲ್ಲ ನಿಮ್ಮ ಹೆಸರು ಹೇಳುತ್ತೇನೆ ಎಂದರು. ಅಲ್ಲಿಯವರೆಗೆ ಮಾಡೆಲ್ ಎಂದರೆ ನನಗೆ ಟೂತ್‌ಪೇಸ್ಟ್ ಡಬ್ಬಿಯ ಮೇಲೆ ನಗುವ ಹುಡುಗಿ. ಮಣಿಪಾಲದಲ್ಲಿ ಬೇಕಾದಷ್ಟು ಸಿಗುತ್ತಾರೆ ಎಂದು ಅವರೇ ಒಬ್ಬಳು ವಿದ್ಯಾರ್ಥಿನಿಯ ನಂಬರ್ ಕೊಟ್ಟರು.

ಆ ಹುಡುಗಿ ಮೆಸೇಜಿನಲ್ಲಿ ಕೇಳಿದಳು, ಕಾನ್ಸೆಪ್ಟ್ ಎಂತದ್ದು ಎಂದು. ಮದುಮಗಳು ಎಂದು ಬರೆದೆ. ಅದು ಕಾನ್ಸೆಪ್ಟ್ ಅಲ್ಲವಂತೆ. ಮೂಡ್ ಯಾವುದು? ಸಂತೋಷ ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಬಟ್ಟೆ ಬದಲಿಸಲಿಕ್ಕೆ ಎಸಿ ಉಂಟಾ ಎಂದು ಕೇಳಿದಳು. ಫ್ಯಾನ್ ಉಂಟು, ಮಧ್ಯಾಹ್ನಕ್ಕೆ ಊಟವೂ ಉಂಟು ಎಂದೆ. ಕಡೆಗೆ ಒಪ್ಪಿದಳು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಪಾರ್ಲರಿನವರು ಪೆಟ್ಟಿಗೆ ಸಮೇತ ಕಾಪುವಿನ ನಮ್ಮ ಮನೆಗೆ ಬಂದು ಕೂತ ಮೇಲೆ, ಅವಳ ಮೆಸೇಜು ಬಂತು: ಇವತ್ತು ವೈಬ್ ಬರುತ್ತಿಲ್ಲ. ನಾನು ಎರಡು ಅಟ್ಟೆ, ಎಂದರೆ ಎಂಟು ಚೆಂಡು, ಶಂಕರಪುರ ಮಲ್ಲಿಗೆ ತಂದಿಟ್ಟಿದ್ದೆ. ಮಲ್ಲಿಗೆಗೆ ವೈಬ್ ಗೊತ್ತಿಲ್ಲ, ಸಂಜೆಗೆ ಬಾಡುತ್ತದೆ. ಅರ್ಧ ಮೇಕಪ್ ಆದ ಮೇಲೆ ಎದ್ದು ಹೋಗಲಿಲ್ಲವಲ್ಲ, ಅಷ್ಟು ಪುಣ್ಯ.

ಆಗ ಪಕ್ಕದ ಮನೆಯ ಹುಡುಗಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಸಹಕಾರಿ ಸೊಸೈಟಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ನನ್ನನ್ನು ಮಾಮಿ ಎನ್ನುತ್ತಾಳೆ. ಕಂಪೌಂಡಿನಿಂದಲೇ ಕರೆದೆ. ನಕ್ಕಳು, ಆದರೆ ಬಂದಳು. ಅವಳ ತಾಯಿಯೂ ಹಿಂದೆಯೇ ಬಂದರು, ನಾನು ಅಕ್ಕ ಎಂದು ಕರೆಯುವವರು. ಮುಂದಿನ ಭಾನುವಾರ ಕಾರ್ಕಳದಿಂದ ಹುಡುಗಿ ನೋಡಲಿಕ್ಕೆ ಬರುವವರಿದ್ದರು, ಬಹಳ ದಿನಗಳ ಮೇಲೆ ಬಂದ ಒಳ್ಳೆಯ ಸಂಬಂಧ. ಮೇಕಪ್ಪಿನಿಂದ ಮುಖಕ್ಕೆ ಮೊಡವೆ ಬಾರದ ಹಾಗೆ ನೋಡಿಕೊಳ್ಳಿ ಎಂದರು ಅಕ್ಕ. ನಮಗೆಲ್ಲ ಇದ್ದ ಚಿಂತೆ ಆ ಮೊಡವೆಯದ್ದು ಮಾತ್ರ.

ಪಾರ್ಲರಿನವರು ಪೆಟ್ಟಿಗೆಯಿಂದ ಒಂದು ಗಿಲೀಟಿನ ಕರಿಮಣಿ ತೆಗೆದಾಗ ಅಕ್ಕನೂ ನಾನೂ ಒಟ್ಟಿಗೆ ಬೇಡ ಎಂದೆವು. ಮದುವೆಯಾಗದ ಹುಡುಗಿಯ ಕುತ್ತಿಗೆಗೆ ಆಟಕ್ಕೂ ಅದು ಬೀಳಬಾರದು. ನನ್ನ ಮದುಮಗಳನ್ನು ಅರ್ಧ ಮಾಡಿದಿರಿ ಎಂದು ಗೊಣಗುತ್ತ ಅವರು ಮಲ್ಲಿಗೆಯ ಹಾರದಿಂದ ಕುತ್ತಿಗೆ ಮುಚ್ಚಿದರು. ರವಿಕೆ ದೊಡ್ಡದಾಯಿತು, ಬೆನ್ನಿನಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪು ಆರು ಹಾಕಿದೆವು. ಸೀರೆಯ ಒಳಗೆ ಅವಳ ಜೀನ್ಸ್ ಹಾಗೆಯೇ ಇತ್ತು.

ತಲೆ ತಗ್ಗಿಸು ಎಂದರೆ ಕಿವಿಯೋಲೆ ಬಿದ್ದುಹೋದವಳ ಹಾಗೆ ನೆಲ ಹುಡುಕಿದಳು. ನಗು ಎಂದರೆ ಸೊಸೈಟಿಯಲ್ಲಿ ಗಿರಾಕಿಗೆ ನಗುವ ನಗು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ, ಪಾರ್ಲರಿನವರ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೂಗಿದರು. ಇವಳು ಕಿಟಕಿಯ ಬೆಳಕಿನತ್ತ ತಿರುಗಿ ಏನೋ ಹೇಳಿ ನಕ್ಕಳು. ಒತ್ತಿದೆ. ಆ ಫೋಟೋ ನಾನು ತೆಗೆದದ್ದು ಎಂದು ಹೇಳಲಿಕ್ಕೆ ನನಗೇ ನಾಚಿಕೆ, ಅಷ್ಟು ಚೆನ್ನಾಗಿತ್ತು.

ಸಂಜೆ ಪಾರ್ಲರಿನವರು ಅದನ್ನು ವಾಟ್ಸಾಪ್ ಸ್ಟೇಟಸಿಗೆ ಹಾಕಿದರು. ಸೋಮವಾರ ಅದು ಎಲ್ಲ ಕುಟುಂಬಗಳ ಗ್ರೂಪುಗಳಿಗೆ ಹೋಯಿತು, ಯಾರೋ ಪುಣ್ಯಾತ್ಮರು ಕೆಳಗೆ ಹೂಗುಚ್ಛದ ಚಿತ್ರ ಅಂಟಿಸಿ ಶುಭಾಶಯವನ್ನೂ ಬರೆದಿದ್ದರು. ಮಂಗಳವಾರದಿಂದ ಪಕ್ಕದ ಮನೆಯ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಇನ್ನಂಜೆಯಿಂದ ಹುಡುಗಿಯ ಸೋದರಮಾವ ನೇರ ಬಂದೇಬಿಟ್ಟರು. ಹೊಸ್ತಿಲಲ್ಲೇ ನಿಂತು, "ಮದುವೆ ಆದದ್ದು ಆಯಿತು, ಮನೆಗೆ ಬಂದು ಕರೆದು ಒಂದು ಹೇಳಿಕೆ ಕೊಡಲಿಕ್ಕೆ ಆಗದಷ್ಟು ದೂರವಾದೆವಾ ನಾವು?" ಎಂದರು. ಆಗಲಿಲ್ಲ ಎಂದರೆ ಯಾರಿಗೂ ನಂಬಿಕೆ ಇಲ್ಲ. ಗಂಡು ಯಾರು ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಊಟಕ್ಕೆ ಎಂತ ಇತ್ತು ಎಂದು ಕೇಳಿದವರು ಮೂವರು.

ಗುರುವಾರ ಕಾರ್ಕಳದವರು ದಲ್ಲಾಳಿಯ ಬಾಯಲ್ಲಿ ಹೇಳಿ ಕಳುಹಿಸಿದರು: ಮದುವೆಯಾದ ಹುಡುಗಿಯನ್ನು ನೋಡುವ ಕ್ರಮ ನಮ್ಮಲ್ಲಿ ಇಲ್ಲ. ಅಕ್ಕ ನಮ್ಮ ಜಗಲಿಗೆ ಬಂದರು, ಕೂರಲಿಲ್ಲ.

"ನಿನ್ನ ಕ್ಯಾಮರಾ ನನ್ನ ಮಗಳ ಮದುವೆ ಮಾಡಿಸಿಯೂ ಆಯಿತು, ಮುರಿದೂ ಆಯಿತು."

ಶುಕ್ರವಾರ ದೇವರಿಗೆ ದೀಪ ಇಟ್ಟು, ಕ್ಯಾಮರಾ ಚೀಲಕ್ಕೆ ಹಾಕಿ, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ. ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ದಾಟುವವರೆಗೂ ಜಪವೇ. ಆ ಮನೆಯಲ್ಲಿ ಹುಡುಗನ ತಾಯಿ ಮತ್ತು ಅವನ ಸೋದರತ್ತೆ ಇದ್ದರು. ಹಿಂದಿನಿಂದ ತೆಗೆದ ಫೋಟೋ, ಕೂತು ಆಕಳಿಸಿದ್ದು, ಸೀರೆಯ ಅಂಚಿನ ಕೆಳಗೆ ಇಣುಕುವ ಜೀನ್ಸು, ಎಲ್ಲ ತೋರಿಸಿದೆ. ಕ್ಲಿಪ್ಪು ನೋಡಿ ತಾಯಿಗೆ ನಗು ಬಂತು. ಅತ್ತೆಗೆ ಬರಲಿಲ್ಲ.

"ಗಂಡನೇ ಇಲ್ಲದಿದ್ದರೆ ಇಷ್ಟು ಸಂತೋಷದಲ್ಲಿ ನಗುವುದು ಯಾಕೆ?" ಎಂದರು.

"ಇಲ್ಲದ್ದಕ್ಕೇ," ಎಂದೆ. ಬಾಯಿಗೆ ಬಂದದ್ದು ಹಾಗೆ. ತಾಯಿ ಇನ್ನೂ ಜೋರಾಗಿ ನಕ್ಕರು, ಭಾನುವಾರ ಬರುತ್ತೇವೆ ಎಂದರು. ಹೊರಡುವಾಗ ಹುಡುಗ ಒಳಗಿನಿಂದ ಬಂದು, ಫೋಟೋ ತುಂಬ ಚೆನ್ನಾಗಿದೆ, ಸೋಮವಾರವೇ ಸ್ಟೇಟಸಿನಲ್ಲಿ ನೋಡಿದ್ದೆ ಎಂದ. ಇದಕ್ಕಿಂತ ಒಳ್ಳೆಯ ಶಕುನ ಬೇಕಾ ಎಂದುಕೊಂಡು, ಬರುವ ದಾರಿಯಲ್ಲಿ ದೇವರಿಗೆ ಕಾಯಿ ಒಡೆಸಿ, ಹುಡುಗ ಹೇಳಿದ್ದನ್ನು ಹುಡುಗಿಗೂ ತಿಳಿಸಿದೆ. ಅವಳು ಹೌದಾ ಎಂದಳು, ಅಷ್ಟೇ.

ಭಾನುವಾರ ಬಂದರು. ಗೋಳಿಬಜೆ ತಿಂದರು, ಹುಡುಗಿ ಒಪ್ಪಿಗೆ ಎಂದು ಅಲ್ಲೇ ಹೇಳಿ ಹೋದರು. ಅಕ್ಕ ನನ್ನ ಕೈ ಹಿಡಿದು ಅತ್ತರು. ಆಮೇಲೆ ಹುಡುಗಿ, ನನಗೆ ಒಪ್ಪಿಗೆ ಇಲ್ಲ ಎಂದಳು. ತಾಯಿಗೆ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದಳು.

"ಸೋಮವಾರವೇ ನೋಡಿದ್ದಾರೆ ಮಾಮಿ. ಬಯೋಡಾಟದಲ್ಲಿ ನನ್ನ ನಂಬರ್ ಉಂಟು. ನಿಮಗೆ ಮದುವೆ ಆಗಿದೆಯಾ ಎಂದು ಒಂದು ಮಾತು ಕೇಳಬಹುದಿತ್ತು. ನೀವು ಎರಡು ಬಸ್ಸು ಹತ್ತಿ ಹೋಗಬೇಕಾಯಿತು."

ಅಕ್ಕನ ಬಾಯಲ್ಲಿ ಬೈಗುಳ ಬಹಳ ಇತ್ತು, ಹೆಚ್ಚಿನದೆಲ್ಲ ನನಗೆ. ಒಂದು ತಿಂಗಳು ನಮ್ಮ ನಡುವೆ ಮಾತಿಲ್ಲ, ಬಸಳೆ ಗಸಿಯ ಪಾತ್ರೆಯೂ ಕಂಪೌಂಡು ದಾಟಲಿಲ್ಲ. ಹುಡುಗಿ ಮಾತ್ರ ದಿನಾ ಸ್ಕೂಟರು ನಿಲ್ಲಿಸಿ ಮಾತಾಡಿಸಿ ಹೋಗುತ್ತಿದ್ದಳು, ದೇವರ ದಯೆ. ಪಾರ್ಲರಿನ ಬೋರ್ಡಿನಲ್ಲಿ ಅವಳು ಈಗಲೂ ನಗುತ್ತಿದ್ದಾಳೆ. ಅದನ್ನು ನೋಡಿ ನನಗೆ ಮೂರು ಮದುವೆ ಬಂದವು, ಮೂರೂ ನಿಜವಾದವು.

ಕಳೆದ ವಾರ ಅಕ್ಕ ಕಂಪೌಂಡಿನ ಹತ್ತಿರ ಬಂದು, ಬೇರೆ ಕಡೆ ನೋಡುತ್ತ, ಬಯೋಡಾಟಕ್ಕೆ ಒಂದು ಹೊಸ ಫೋಟೋ ಬೇಕಿತ್ತು ಎಂದರು. ಮುಖ ತೊಳೆದು ಕೂರಿಸುತ್ತೇನೆ, ಬೊಟ್ಟು ಒಂದು ಸಾಕು, ಮಲ್ಲಿಗೆ ಬೇಡ ಎಂದೂ ಸೇರಿಸಿದರು. ತೆಗೆದುಕೊಟ್ಟೆ. ಮರುದಿನ ಬಯೋಡಾಟ ಹಿಡಿದುಕೊಂಡು ಪುನಃ ಬಂದರು. ಮಗಳು ತನ್ನ ಫೋನ್ ನಂಬರಿನ ಕೆಳಗೆ, ಸಂಶಯ ಇದ್ದರೆ ನನ್ನನ್ನೇ ಕೇಳಿ ಎಂದು ಟೈಪ್ ಮಾಡಿಸಿದ್ದಳು.

"ಇದನ್ನು ತೆಗೆ ಎಂದು ನೀನೊಮ್ಮೆ ಹೇಳು ಮಾರಾಯ್ತಿ, ನಿನ್ನ ಮಾತು ಕೇಳುತ್ತಾಳೆ."

ಅದು ನನ್ನ ಕೆಲಸ ಅಲ್ಲ ಅಕ್ಕ, ನನಗೆ ಫೋಟೋ ಮಾತ್ರ ಗೊತ್ತು ಎಂದೆ.