ಹೆಸರಿಲ್ಲದ ಚೌಕ

ಎಲ್ಲ ಕೆಡಲು ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಹೊಸ ಕಂಪ್ಯೂಟರಿನ ಮೂಲೆಯಲ್ಲಿ ಗಡಿಯಾರವಿದ್ದದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಪರದೆಯ ನಡುವೆ, ನಿಮ್ಮ ಚಿತ್ರಗಳನ್ನೆಲ್ಲ ನಾನೇ ಹುಡುಕಿ ಜೋಡಿಸಿಕೊಡಲೇ ಎಂದು ಬಹಳ ವಿನಯದಿಂದ ಕೇಳುವ ಇಂಗ್ಲಿಷ್ ಪ್ರಶ್ನೆಯೊಂದು ನಿಂತಿತ್ತು. ನನ್ನ ಎಡಗೈಯಲ್ಲಿ ಆಗಷ್ಟೇ ಕಂಪ್ಯೂಟರಿನ ಮೇಲಿಂದ ತೆಗೆದ ಹೊದಿಕೆಯಿತ್ತು. ಅತ್ತೆಯ ಹಳೆಯ ನೂಲಿನ ಸೀರೆಯನ್ನು ಎರಡು ಪದರವಾಗಿ ಮಡಚಿ ನಾನೇ ಅಂಚು ಹೊಲಿದದ್ದು. ಕುಂದಾಪುರದ ಕೋಡಿಯಲ್ಲಿ, ಕಡಲಿಗೆ ಒಂದು ಕೂಗಿನಷ್ಟು ದೂರದಲ್ಲಿ, ಕಿಟಕಿಯ ಸರಳುಗಳನ್ನೇ ಸಣ್ಣಗೆ ಮೆಲ್ಲುವ ಉಪ್ಪುಗಾಳಿಯ ನಡುವೆ ಇರುವ ಮನೆ ನಮ್ಮದು. ಇಲ್ಲಿ ನಾವು ಹೊದೆಯುವುದನ್ನು ಮರೆತರೂ ನಡೆದೀತು, ಕಂಪ್ಯೂಟರಿಗೆ ಹೊದಿಸುವುದನ್ನು ಮರೆಯುವಂತಿಲ್ಲ. ಹಿಂದಿನದು ಒಳಗೊಳಗೇ ತುಕ್ಕು ಹಿಡಿದು ತೀರಿಕೊಂಡದ್ದರಿಂದಲೇ ಈ ಹೊಸದು ಬಂದಿತ್ತು. ಎಡಗೈ ಹೊದಿಕೆಯನ್ನು ಎಲ್ಲಿಡುವುದೆಂದು ಯೋಚಿಸುತ್ತಿದ್ದಾಗ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, 'ಹೌದು' ಒತ್ತಿಬಿಟ್ಟಿತು.

ಅದುವರೆಗೆ ನನ್ನ ಚಿತ್ರಗಳನ್ನು ನೋಡಿಕೊಳ್ಳುತ್ತಿದ್ದುದು ಕ್ಯಾಮೆರಾದ ಜೊತೆ ಪುಕ್ಕಟೆಯಾಗಿ ಬಂದಿದ್ದ ಸಿ.ಡಿ.ಯೊಳಗಿನ ಒಂದು ಪಾಪದ ತಂತ್ರಾಂಶ. ಅದಕ್ಕೆ ತಿಳಿದದ್ದು ಎರಡೇ ಕೆಲಸ: ಇಟ್ಟದ್ದನ್ನು ಇಟ್ಟಲ್ಲೇ ಇಟ್ಟುಕೊಳ್ಳುವುದು, ಕೇಳಿದಾಗ ತೆಗೆದುಕೊಡುವುದು. 'ಸುಗುಣನ ಮದುವೆ, ಒಳ್ಳೆಯವು', 'ಸುಗುಣನ ಮದುವೆ, ತಲೆ ಕಟ್ಟಾದವು', 'ಬೊಂಬಾಯಿ ಮಾವ ಬಂದಾಗ', 'ಶಿರೂರಿನ ತೊಟ್ಟಿಲು' ಎಂದು ನನಗೆ ತೋಚಿದ ಹೆಸರಿನ ಫೋಲ್ಡರುಗಳಲ್ಲಿ ಎಲ್ಲವನ್ನೂ ತುಂಬಿಟ್ಟಿದ್ದೆ. ಅದು ಥೇಟು ನನ್ನ ಅಡುಗೆಮನೆಯ ಹಾಗೆ. ಅಲ್ಲಿ ಕೊತ್ತಂಬರಿ ಇರುವುದು ಬಿಸ್ಕತ್ತಿನ ಡಬ್ಬಿಯಲ್ಲಿ, ಬಿಸ್ಕತ್ತು ಇರುವುದು ಚಹಾಪುಡಿಯ ಡಬ್ಬಿಯಲ್ಲಿ. ಹೊರಗಿನವರಿಗೆ ಹಗಲಲ್ಲೂ ಕತ್ತಲೆ, ನನ್ನ ಕೈಗೆ ಕತ್ತಲಲ್ಲೂ ಬೆಳಕು. ಹೊಸ ತಂತ್ರಾಂಶವಾದರೋ ಮನೆಗೆ ಬಂದ ಮೊದಲ ದಿನವೇ ಸೆರಗು ಸಿಕ್ಕಿಸಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ತೊಳೆದು, ಎತ್ತರದ ಪ್ರಕಾರ ಜೋಡಿಸಿ, 'ಈಗ ನೋಡಿ' ಎಂದು ನಗುತ್ತ ನಿಲ್ಲುವ ನೆಂಟಳಂತೆ. ಅವಳನ್ನು ಬೈಯುವಂತೆಯೂ ಇಲ್ಲ, ಸಾಸಿವೆ ಸಿಗುವಂತೆಯೂ ಇಲ್ಲ.

ಸುಗುಣ ನನ್ನ ನಾದಿನಿ. ಕೋಟೇಶ್ವರದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಮದುವೆಯ ಹೇಳಿಕೆ ಕಾಗದ ಹೊಂದಿಸುವ ಅವಳೇ ಹಳೆಯ ಕಂಪ್ಯೂಟರಿನ ಹೊಟ್ಟೆಯಿಂದ ಚಿತ್ರಗಳನ್ನು ಉಳಿಸಿ ಹೊಸದಕ್ಕೆ ತುಂಬಿಸಿಕೊಟ್ಟವಳು. ಹಳೆಯ ತಂತ್ರಾಂಶವನ್ನೇ ಹಾಕಿಕೊಡು ಎಂದು ಗೋಗರೆದರೆ ಅದು ಇದರಲ್ಲಿ ಕೂರುವುದಿಲ್ಲ ಎಂದಳು.

"ಹಳತ್ ಹಳತ್ ಅಂತ ಕೂಕಂಡ್ರೆ ಆತಿಲ್ಲೆ ಅತ್ಗೆ. ಇದ್ ಮೊಕ ಕಂಡ್ರ್ ಸಾಕ್, ತಾನೇ ಗುರ್ತ್ ಹಿಡಿತ್ತ್. ನಿಮ್ಕಿಂತ ವಾಸಿ. ನನ್ ಮದಿ ಮನಿಯಂಗೆ ನೀವ್ ಮದುಮಗನ್ನೇ ಅಡಿಗಿಯವ ಅಂದ್ಕಂಡಿದ್ರಿ."

ಅದು ನಿಜವೇ. ಆದರೆ ಆ ಮುಖ ಗುರುತಿಸುವ ವಿದ್ಯೆಯ ಚಂದವನ್ನು ನೀವು ನೋಡಬೇಕಿತ್ತು. ಅತ್ತೆಯನ್ನೂ, ಅತ್ತೆ ಹನ್ನೆರಡು ವರ್ಷದಿಂದ ಮಾತು ಬಿಟ್ಟಿರುವ ಪಕ್ಕದ ಮನೆಯಾಕೆಯನ್ನೂ ಒಬ್ಬರೇ ಎಂದು ತೀರ್ಮಾನಿಸಿ ಒಂದೇ ಗುಂಪಿಗೆ ಹಾಕಿತು. ದೇವರ ಬೆಳ್ಳಿಯ ಮುಖದ ಸುತ್ತ ಚೌಕ ಬರೆದು, ಇವರ ಹೆಸರೇನು, ಇವರನ್ನು ಗೆಳೆಯರ ಪಟ್ಟಿಗೆ ಸೇರಿಸಲೇ ಎಂದು ಕೇಳಿತು. ಬಯಲಾಟದ ಚಿತ್ರಗಳಲ್ಲಿ, ಒಂದೇ ಬಗೆಯ ಬಣ್ಣ ಬಳಿದ ಮೂವರು ರಾಕ್ಷಸರನ್ನು ಒಬ್ಬನೆಂದಿತು. ಅದೇ ರಾಕ್ಷಸ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆದು ಬೀಡಿ ಸೇದುತ್ತಿದ್ದರೆ ಬೇರೆಯವನೆಂದಿತು. ಯೋಚಿಸಿ ನೋಡಿದರೆ ಯಕ್ಷಗಾನವನ್ನು ಅದು ನಮ್ಮೆಲ್ಲರಿಗಿಂತ ಸರಿಯಾಗಿಯೇ ಅರ್ಥ ಮಾಡಿಕೊಂಡಿತ್ತು.

ಹೀಗೆ ಮುಖಗಳನ್ನೆಲ್ಲ ಕತ್ತರಿಸಿ, ಅಂಚೆಚೀಟಿಯಷ್ಟಷ್ಟು ಚೌಕ ಮಾಡಿ, ಹೆಸರಿಲ್ಲದವರದೆಂದು ಒಂದು ಪುಟದಲ್ಲಿ ಸಾಲಾಗಿ ನಿಲ್ಲಿಸಿತ್ತು. ಪ್ರತಿಯೊಂದರ ಕೆಳಗೂ 'ಹೆಸರು ಸೇರಿಸಿ'. ಬೈಯುತ್ತಲೇ ನಾನು ಸೇರಿಸತೊಡಗಿದೆ. ಸುಗುಣ, ಅತ್ತೆ, ಮಾವ, ಪಕ್ಕದ ಮನೆಯವರು. ನನ್ನ ಗಂಡನ ಮುಖ ಬಂದಾಗ ಬೆರಳು ತಡೆಯಿತು. ನಾನು ಬಿ.ಕಾಂ. ಮಾಡಿದವಳು, ಐಸ್ ಪ್ಲಾಂಟಿನ ಆಫೀಸಿನಲ್ಲಿ ಲೆಕ್ಕ ಬರೆಯುವವಳು, ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬುವವಳಲ್ಲ. ಆದರೂ ಕಡಲಿಗೆ ಹೋಗುವವರ ಮನೆಯಲ್ಲಿ ನಂಬದಿರುವುದಕ್ಕೂ ಒಂದು ಮಿತಿಯಿದೆ. 'ಇವರು' ಎಂದು ಬರೆದೆ. ಆ ಕ್ಷಣದಿಂದ ನನ್ನ ಕಂಪ್ಯೂಟರಿನಲ್ಲಿ 'ಇವರು' ಎಂಬ ಹೆಸರಿನ ಮನುಷ್ಯರೊಬ್ಬರಿದ್ದಾರೆ.

ಆಮೇಲೆ ಆ ಚೌಕ ಬಂತು. ಅದರಲ್ಲಿ ಮುಖವಿರಲಿಲ್ಲ. ಬೂದು ನೀರು, ನೊರೆ, ನಡುವೆ ಮಸುಕಾದ ಬಿಳಿಯ ಏನೋ ಒಂದು. ಕೆಳಗೆ ಅದೇ ಮಾತು: 'ಹೆಸರು ಸೇರಿಸಿ'.

ಆ ನೀರನ್ನು ನಾನು ಬಲ್ಲೆ. ಕ್ಯಾಮೆರಾ ಕೊಂಡ ವರ್ಷದ್ದು ಅದು. ಮಳೆಗಾಲದ ರಜೆ ಮುಗಿದು, ಕಡಲಿಗೆ ಹಾಲು, ಹೂವು, ಕಾಯಿ ಒಪ್ಪಿಸಿ ಬೋಟುಗಳು ಇಳಿಯುವ ಮೊದಲ ದಿನ. ಇವರ ಬೋಟು ಹೊರಡುವುದನ್ನು ತೆಗೆಯಬೇಕೆಂದು ಅಳಿವೆಯ ಬಳಿಯ ಕಲ್ಲುದಂಡೆಯ ಮೇಲೆ ನಿಂತಿದ್ದೆ. ನದಿ ಕಡಲನ್ನು ಸೇರುವ ಅಳಿವೆ ಮಳೆಗಾಲದಲ್ಲಿ ಮರಳನ್ನು ತಂದು ಎಲ್ಲಿ ಗುಡ್ಡೆ ಹಾಕಿರುತ್ತದೆಂದು ಅದಕ್ಕೇ ಗೊತ್ತು. ಮಳೆ ಹನಿಯುತ್ತಿತ್ತು. ಕೆಂಪು ಕೊಡೆಯನ್ನು ಕುತ್ತಿಗೆಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದಿದ್ದೆ. ಅಂಗಡಿಯ ಬೋರ್ಡಿನಂಥ ಬಣ್ಣವೆಂದು ಅತ್ತೆ ಸದಾ ಹಂಗಿಸುವ ಕೊಡೆ ಅದು. ಬೋಟಿನ ತಳ ಮರಳಿಗೆ ತಾಗಿತು, ಬದಿಯಿಂದ ಅಲೆ ಹೊಡೆಯಿತು, ಬೋಟು ವಾಲಿತು, ಮುಂಭಾಗದಲ್ಲಿ ಹಗ್ಗ ಹಿಡಿದು ನಿಂತಿದ್ದ ಇವರು ನೀರಿಗೆ ಬಿದ್ದರು. ಬೋಟು ಹೇಗೋ ಎದ್ದು ನಿಂತಿತು. ಇವರು ಕಾಣಲಿಲ್ಲ. ಹಿಂದಿದ್ದ ಇನ್ನೊಂದು ಬೋಟಿನವರು ಕೊನೆಗೆ ಇವರನ್ನು ಎಳೆದು ಹಾಕಿಕೊಂಡರು. ಕೈ ಮೇಲೆ ಒಂದು ತರಚು ಗಾಯ, ಅಷ್ಟೇ. ಯಾರೂ ಸಾಯಲಿಲ್ಲ. ವಾರ ಕಳೆಯುವುದರೊಳಗೆ ಇವರು ಅದೇ ಅಳಿವೆಯನ್ನು ದಾಟಿ ಕಡಲಿಗೆ ಹೋದರು.

ಹೋಗದೆ ಉಳಿದವಳು ನಾನು. ಬಿದ್ದದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ತಲೆಯೇ ಕಾಣದ ನೀರೊಂದಿತ್ತಲ್ಲ, ಅಲ್ಲೇ ನಿಂತುಬಿಟ್ಟೆ. ರಾತ್ರಿ ಯಾವುದೋ ಹೊತ್ತಿಗೆ ಎಚ್ಚರವಾಗುತ್ತಿತ್ತು. ಅಲೆ ಏಳುತ್ತಿತ್ತು, ಅಲೆ ಇಳಿಯುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಇವರು ಗೊರಕೆ ಹೊಡೆಯುತ್ತಿದ್ದರೂ ಅಷ್ಟೇ, ಕಡಲಲ್ಲಿದ್ದರೂ ಅಷ್ಟೇ. ಆ ಹೊತ್ತಿನಲ್ಲಿ ಇವರು ಎಲ್ಲಿದ್ದರು? ಅಡಿಯಲ್ಲಿದ್ದರೇ? ಉಸಿರಿತ್ತೇ? ಕೇಳುವಂತಿರಲಿಲ್ಲ. ಆ ದಿನ ಅತ್ತೆ ಮಗನ ತಲೆಗೆ ಬಿಸಿನೀರು ಹೊಯ್ದು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದರು. ಅದು ಚಟಪಟ ಸಿಡಿದದ್ದೇ ಆ ವಿಷಯಕ್ಕೆ ಕೊನೆ. ನೀರಿನ ಮಾತನ್ನು ಮನೆಯೊಳಗೆ ತಂದರೆ ನೀರೂ ಹಿಂದೆಯೇ ಬರುತ್ತದೆ ಎನ್ನುವುದು ಅವರು ನಡೆಸಿಕೊಂಡು ಬಂದ ಕ್ರಮ. ಮಾವನವರೂ ಎಷ್ಟೋ ಸಲ ಬಿದ್ದು ಎದ್ದವರೇ. ಒಮ್ಮೆಯೂ ಅತ್ತೆ ಕೇಳಿಲ್ಲ, ಅವರು ಹೇಳಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ಘಟನೆಯನ್ನು, ನಾನೂ ಇವರೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೆವು.

ನನ್ನ ಪಾಲಿನದು ಕ್ಯಾಮೆರಾದಲ್ಲಿತ್ತು. ಗಾಬರಿಯಲ್ಲಿ ಬೆರಳು ಗುಂಡಿಯ ಮೇಲೆ ಒತ್ತುತ್ತಲೇ ಇತ್ತೆಂದು ಆಮೇಲೆ ತಿಳಿಯಿತು. ಅಳಿಸಲು ಧೈರ್ಯ ಬರಲಿಲ್ಲ, ನೋಡಲು ಎದೆ ಇರಲಿಲ್ಲ. 'ಮಾಡು ಸೋರಿದ್ದು' ಎಂಬ ಫೋಲ್ಡರಿನಲ್ಲಿ, ಮೇಸ್ತ್ರಿಗೆ ತೋರಿಸಲು ತೆಗೆದಿದ್ದ ಒಡೆದ ಹಂಚುಗಳ ಚಿತ್ರಗಳ ನಡುವೆ, ಅವನ್ನು ಹುದುಗಿಸಿಟ್ಟೆ. ಬೇಸಿಗೆಯಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ, ಮಳೆಗಾಲದಲ್ಲಿ ತೆರೆಯಲು ಮನಸ್ಸಾಗುವುದಿಲ್ಲ. ಪ್ರತಿ ಮನೆಗೂ ಒಂದು ಅಟ್ಟ ಬೇಕು ನೋಡಿ. ಎಸೆಯಲಾಗದ್ದನ್ನೂ ಎದುರಿಗಿಟ್ಟುಕೊಳ್ಳಲಾಗದ್ದನ್ನೂ ಇಡುವ ಒಂದು ಕತ್ತಲೆ. ಹಳೆಯ ತಂತ್ರಾಂಶಕ್ಕೆ ಅಟ್ಟವಿತ್ತು. ಹೊಸದಕ್ಕೆ ಅಂಗಳ ಮಾತ್ರ. ಎಲ್ಲವನ್ನೂ ತಾರೀಕಿನ ಪ್ರಕಾರ ಬಿಸಿಲಿಗೆ ಹರವಿಬಿಡುತ್ತದೆ.

ಆ ತಾರೀಕಾದರೂ ಸರಿಯಿತ್ತೇ? ಸೆಲ್ ತೆಗೆದು ಹಾಕಿದರೆ ದಿನವನ್ನೇ ಮರೆತು ಜನವರಿ ಒಂದಕ್ಕೆ ಹೋಗಿ ಕೂರುವ ಕ್ಯಾಮೆರಾ ನಮ್ಮದು. ಹೀಗಾಗಿ ಶಿರೂರಿನ ತೊಟ್ಟಿಲು, ತುಳಸಿಕಟ್ಟೆಯ ದೀಪ, ಲಾಡುವಿನ ತಟ್ಟೆ, ಅಳಿವೆಯ ಅಲೆ ಎಲ್ಲವೂ ಒಂದೇ ಹೊಸವರ್ಷದ ಮಧ್ಯರಾತ್ರಿಯಲ್ಲಿ ಬೆರೆತುಹೋಗಿದ್ದವು. ಆ ಕ್ಯಾಮೆರಾದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಎರಡು ಸೆಲ್ ತೆಗೆದರೆ ಮರೆವು! ಆದರೆ ದಿನ ತಪ್ಪಿದರೂ ಚಿತ್ರದಿಂದ ಚಿತ್ರಕ್ಕೆ ಕಳೆದ ಸಮಯದ ಲೆಕ್ಕವನ್ನು ಅದು ಸರಿಯಾಗಿಯೇ ಇಟ್ಟಿತ್ತು. ನನ್ನೊಳಗೆ ಅರ್ಧ ಗಂಟೆಯಾಗಿ ಬೆಳೆದುಕೊಂಡಿದ್ದ ನೀರು ಅದರ ಪ್ರಕಾರ ನಾಲ್ಕೇ ನಿಮಿಷದ್ದು. ಅದನ್ನು ಓದಿ ಸಮಾಧಾನವಾಗಬೇಕಿತ್ತು. ಬದಲಿಗೆ, ನಾಲ್ಕು ನಿಮಿಷ ಉಸಿರು ಕಟ್ಟಿದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ನಿಂತು ಮೂಗು ಹಿಡಿದುಕೊಂಡು ನೋಡಿದೆ. ಒಂದು ನಿಮಿಷವೂ ಆಗಲಿಲ್ಲ.

ಆ ಚೌಕ ಇದ್ದದ್ದು ಆ ನಾಲ್ಕು ನಿಮಿಷದ ನಟ್ಟನಡುವಿನ ಚಿತ್ರದಲ್ಲಿ. ನನ್ನ ಕಣ್ಣಿಗೆ ಕಾಣದ ಮುಖವನ್ನು ಯಂತ್ರ ಕಂಡಿತ್ತೇ? ಅದು ಇವರ ಮುಖವಾಗಿದ್ದರೆ ಅಷ್ಟು ಹೊತ್ತೂ ಇವರು ನೀರಿನ ಮೇಲೇ ಇದ್ದರು. ಹಾಗಾದರೆ ಇಷ್ಟು ವರ್ಷ ರಾತ್ರಿ ಏಳುತ್ತಿದ್ದ ಅಲೆಯ ಕೆಳಗೆ ಯಾರೂ ಇರಲಿಲ್ಲ. ಅಲ್ಲವಾಗಿದ್ದರೆ? ಹತ್ತಿರಕ್ಕೆ ಎಳೆದು ದೊಡ್ಡದು ಮಾಡಿದೆ; ಹಣೆಯಂಥದ್ದು, ಎರಡು ಕಪ್ಪು ಕಣ್ಣಿನಂಥದ್ದು, ನಡುವೆ ಮೂಗಿನಂಥದ್ದು. ಇನ್ನೂ ದೊಡ್ಡದು ಮಾಡಿದರೆ ಬರೀ ಅಕ್ಕಿನುಚ್ಚು. ಇವರು ಕಡಲಲ್ಲಿದ್ದರು, ಬರಲು ವಾರವಿತ್ತು. ಆ ವಾರವೆಲ್ಲ ಆಫೀಸಿನಿಂದ ಬಂದು ಹೊದಿಕೆ ತೆಗೆಯುವುದು, ನುಚ್ಚನ್ನು ನೋಡುವುದು, ಹೊದಿಸುವುದು. ಸುಗುಣನಿಗೆ ಹೇಳೋಣವೆಂದುಕೊಂಡೆ, ನಕ್ಕುಬಿಟ್ಟರೆ ಎಂದು ಹೆದರಿದೆ. ಒಬ್ಬರೇ ನೋಡುತ್ತ ಕೂರುವ ಚಿತ್ರಕ್ಕಿಂತ ದೊಡ್ಡ ಒಂಟಿತನ ಇನ್ನೊಂದಿಲ್ಲ, ಗೆಳೆಯರೇ. ತೋರಿಸಲಿಕ್ಕೆಂದೇ ಅಲ್ಲವೇ ನಾವು ಚಿತ್ರ ತೆಗೆಯುವುದು?

ಇವರು ಬಂದ ದಿನ ಸಂಜೆ, ಅತ್ತೆ ದೀಪ ಹಚ್ಚಲು ಹೋದ ಹೊತ್ತು ನೋಡಿ, ಮನೆಯ ಕ್ರಮವನ್ನು ಮುರಿದೆ.

"ಹ್ವಾಯ್, ಒಂಚೂರ್ ಇಲ್ ಬನಿ. ಇದ್ ನೀವಾ ಕಾಣಿ."

ಇವರು ತಲೆ ಒರೆಸುತ್ತ ಬಂದು ಬಗ್ಗಿದರು. ಯಾವ ದಿನದ್ದೆಂದು ತಿಳಿಯಲು ಅವರಿಗೆ ತಾರೀಕು ಬೇಕಾಗಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ನಕ್ಕರು.

"ಅದ್ ನಾನಲ್ಲ ಮಾರಾಯ್ತಿ. ಡೀಸಿಲ್ ಕ್ಯಾನ್ ಅದ್. ನನ್ ಮೊಕ ಕ್ಯಾನಿನಂಗ್ ಇತ್ತಾ?"

ನಾನು ನಗಲಿಲ್ಲ. ಹಣೆ, ಕಣ್ಣು, ಮೂಗು ಎಲ್ಲ ಒಂದೇ ಮಾತಿಗೆ ಮುಚ್ಚಳವೂ ಹಿಡಿಯೂ ಆಗಿ ಬದಲಾದವು. ಅಂದರೆ ಇವರು ಅಡಿಯಲ್ಲಿದ್ದರು. ಕಣ್ಣು ತುಂಬಿದ್ದನ್ನು ಕಂಡರೋ ಏನೋ, ಇವರು ಸ್ಟೂಲು ಎಳೆದುಕೊಂಡು ಕೂತು, ಆ ಬಿಳಿಯ ಹಿಂದಿನ ಕಪ್ಪು ನೀರಿನ ಮೇಲೆ ಬೆರಳಿಟ್ಟರು.

"ನಾನ್ ಇಲ್ಲಿದ್ದೆ. ಇದ್ರ್ ಹಿಂದೆ. ಹಿಡಿಯೊಳಗೆ ಕೈ ತೂರ್ಸಿದ್ದೆ."

ಹೇಳತೊಡಗಿದರು. ಬೋಟು ವಾಲಿದಾಗ ಖಾಲಿ ಕ್ಯಾನೂ ತನ್ನ ಜೊತೆಗೇ ಬಿತ್ತೆಂದೂ, ಮೊದಲು ಅದು ಜಾರಿತೆಂದೂ, ಆಮೇಲೆ ಮೊಣಕೈವರೆಗೆ ತೂರಿಸಿ ಗಲ್ಲ ಊರಿಕೊಂಡೆನೆಂದೂ, ಬಾಯಿ ತುಂಬ ಉಪ್ಪು ಮತ್ತು ಡೀಸೆಲ್ ರುಚಿಯೆಂದೂ. ಕೈಯ ತರಚು ಆ ಹಿಡಿಯದೇ. ಇಷ್ಟು ಹೇಳಿ ಪರದೆಯಿಂದ ಕಣ್ಣು ತೆಗೆಯದೆ ಅಂದರು:

"ಅಲೆ ಎತ್ತಿದಾಗ ನಿನ್ ಕೆಂಪ್ ಕೊಡೆ ಕಾಂತಿತ್ತ್. ಇಳ್ದಾಗ ಇಲ್ಲ. ಅಲ್ಲಿಂದ ಹೋಯ್ಬೇಡ, ಅಲ್ಲೇ ನಿಂತ್ಕೋ ಅಂತ ಹೇಳ್ತಾ ಇದ್ದೆ ಮನ್ಸಂಗೆ."

"ನಾನ್ ಹೋಯ್ಲಿಲ್ಲ."

"ಗೊತ್ತಿತ್ತ್."

ಒಂದು ಕೈ ಬೀಸಲೂ ಬಿಡದೆ ಕುತ್ತಿಗೆಗೆ ಸಿಕ್ಕಿಕೊಂಡಿದ್ದ ಆ ಕೊಡೆಯನ್ನು ಎಷ್ಟು ಶಪಿಸಿದ್ದೆನೋ! ನಾನು ಇವರ ತಲೆಯನ್ನು ಕಳೆದುಕೊಂಡು ಹುಡುಕುತ್ತಿದ್ದ ಅದೇ ಹೊತ್ತಿನಲ್ಲಿ, ಆಚೆಯಿಂದ ಇವರು ನನ್ನನ್ನು ಅಲೆ ಅಲೆಗೂ ಕಳೆದುಕೊಂಡು ಅಲೆ ಅಲೆಗೂ ಪಡೆಯುತ್ತಿದ್ದರು. ಇಷ್ಟು ವರ್ಷ ನಾನು ಒಬ್ಬಳೇ ನಿಂತಿದ್ದೆನೆಂದುಕೊಂಡ ನೀರಿನಲ್ಲಿ ಇಬ್ಬರಿದ್ದೆವು.

ಅತ್ತೆ ದೀಪ ಹಚ್ಚಿ ಒಳಗೆ ಬಂದರು. ಪರದೆಯ ಮೇಲಿನ ನೀರನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು, ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಲೆಯಲ್ಲಿ ಉಪ್ಪು ಚಟಪಟ ಎಂದಿತು.

ಚೌಕ ಇನ್ನೂ ಹೆಸರಿಗಾಗಿ ಕಾಯುತ್ತಿತ್ತು. ಕ್ಯಾನ್ ಅಂತ ಬರಿ ಎಂದರು ಇವರು. ನಾನು 'ಇವರು' ಎಂದು ಬರೆದೆ. ಅದರ ಫಲವನ್ನು ಈಗಲೂ ಉಣ್ಣುತ್ತಿದ್ದೇನೆ: ಯಾವ ಚಿತ್ರದಲ್ಲಿ ಬಿಳಿಯ ಕ್ಯಾನು ಕಂಡರೂ, ನೀರಿನದಿರಲಿ, ಎಣ್ಣೆಯದಿರಲಿ, ಹೊಸ ತಂತ್ರಾಂಶ ಓಡಿಬಂದು, ಇವರು 'ಇವರು' ಅಲ್ಲವೇ ಎಂದು ಕೇಳುತ್ತದೆ. ಹೌದು ಎನ್ನುತ್ತೇನೆ. ಆ ತಪ್ಪನ್ನು ತಿದ್ದುವ ಮನಸ್ಸಿಲ್ಲ.

ಆ ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ ನೋಡೋಣವೆಂದು ಕಂಪ್ಯೂಟರಿನ ಬಳಿಯೇ ಚಾಪೆ ಹಾಸಿ ಕೂತವಳು, ಯಾವಾಗ ಒರಗಿದೆನೋ ತಿಳಿಯದು. ಕಣ್ಣು ಬಿಟ್ಟಾಗ ಬೆಳಗಿನ ಬಿಸಿಲು ಗೋಡೆಗೆ ಬಂದಿತ್ತು. ನಡುವೆ ಅಲೆ ಎದ್ದಿರಲಿಲ್ಲ. ಬೆಳಕು ಹರಿಯುವ ಮೊದಲೇ ಐಸ್ ತುಂಬಿಸಲು ಇವರು ಬಂದರಿಗೆ ಹೋಗಿಯಾಗಿತ್ತು. ಬಾಗಿಲು ತೆಗೆದದ್ದು, ಚಪ್ಪಲಿ ಮೆಟ್ಟಿದ್ದು, ಗೇಟು ಕಿರುಗುಟ್ಟಿದ್ದು, ಇಷ್ಟು ವರ್ಷ ಒಂದೂ ತಪ್ಪದೆ ಕೇಳಿಸಿಕೊಂಡ ಯಾವ ಸದ್ದೂ ನನಗೆ ಕೇಳಿರಲಿಲ್ಲ. ಕಂಪ್ಯೂಟರು ರಾತ್ರಿಯಿಡೀ ಉಪ್ಪುಗಾಳಿಗೆ ಬರಿಮೈಯಲ್ಲಿ ಕೂತಿತ್ತು. ಅದರ ಹೊದಿಕೆಯನ್ನು, ಎರಡು ಪದರದ ಆ ಹಳೆಯ ಸೀರೆಯನ್ನು, ಹೋಗುವಾಗ ಇವರು ನನಗೆ ಹೊದಿಸಿದ್ದರು.